ರಕ್ಮಾ ಕೇಳಿದ ಹೆಸರು

ರಕ್ಮಾ ಕುಟ್ಟಿದ ಪಲಾಪ ತಿಂದವರು ಕಣ್ಣೊರೆಸಿಕೊಳ್ಳುತ್ತಿದ್ದರು. ರಕ್ಮಾಳ ಬಾಯಿಗೆ ಸಿಕ್ಕವರ ಗತಿಯೂ ಅದೇ. ಎಳೆ ಈರುಳ್ಳಿ, ಶುಂಠಿ, ಸಣ್ಣ ಕೆಂಪು ಮೆಣಸಿನಕಾಯಿ, ಹುರಿದ ಕೊಬ್ಬರಿ, ಎಲ್ಲವನ್ನೂ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿದ ಆ ಖಾರವಿಲ್ಲದೆ ನಮ್ಮವರಿಗೆ ಅನ್ನ ಇಳಿಯುವುದಿಲ್ಲ. ಮರಾವಿ ಊರು ಊರಾಗಿದ್ದಾಗ ಪೇಟೆಯ ಮೂಲೆಯಲ್ಲಿ ಅವಳದೊಂದು ಅಂಗಡಿಯಿತ್ತು. ಮಧ್ಯಾಹ್ನಕ್ಕೆಲ್ಲ ಭರಣಿಗಳು ಖಾಲಿಯಾಗುತ್ತಿದ್ದವು, ಆಮೇಲೆ ಅವಳು ಬಾಗಿಲಲ್ಲಿ ಕೂತು ಬೀದಿಯಲ್ಲಿ ಹೋಗುವವರಲ್ಲಿ ಯಾರ ಮೇಲೆ ತನಗೆ ಏನು ಸಿಟ್ಟಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಬೇರೆ ಹೆಂಗಸರು ಪಾತ್ರೆಪಗಡಿ ಜೋಡಿಸಿಟ್ಟುಕೊಳ್ಳುವ ಹಾಗೆ ಅವಳು ಹಗೆಗಳನ್ನು ತಿಕ್ಕಿ ತೊಳೆದು ಇಟ್ಟುಕೊಂಡಿದ್ದಳು.

ಅವಳ ಗಂಡ ಎರಡನೆಯವಳನ್ನು ಕಟ್ಟಿಕೊಂಡ ವರ್ಷ ಈದ್ ದಿನ ಹೊಸ ಹೆಂಡತಿಯ ಸಮೇತ ಊಟಕ್ಕೆ ಬಂದ ಕಥೆ ಈಗಲೂ ಜನ ಹೇಳಿಕೊಂಡು ನಗುತ್ತಾರೆ. ಮನೆಯವರು ಬಡಿಸಿದ್ದನ್ನು ಬೇಡವೆಂದರೆ ನಮ್ಮಲ್ಲಿ ಅದು ಮಾನ ಕಳೆದ ಹಾಗೆ. ರಕ್ಮಾ ನಗುನಗುತ್ತ ಬಡಿಸಿದಳು. ಅವತ್ತಿನ ಪಲಾಪದಲ್ಲಿ ಕೊಬ್ಬರಿ ಹೆಸರಿಗೂ ಇರಲಿಲ್ಲ, ಬರೀ ಮೆಣಸಿನಕಾಯಿ. ಇಬ್ಬರೂ ಬೆವರು ಸುರಿಸುತ್ತ ತಟ್ಟೆ ಖಾಲಿ ಮಾಡಿದರು. “ಇನ್ನೊಂಚೂರು ಹಾಕ್ಲಾ ತಂಗಿ, ನಾಚ್ಕೋಬೇಡ, ನಿನ್ನ ಮನೆ ಅಂತ್ಲೇ ತಿಳ್ಕೋ” ಎಂದು ಅವಳು ಮತ್ತೆ ಮತ್ತೆ ಉಪಚಾರ ಮಾಡಿದಳು. ಆಮೇಲೆ ಗಂಡ ಆ ಬೀದಿಗೆ ತಲೆ ಹಾಕಲಿಲ್ಲ. ಅವಳೂ ತಲಾಖ್ ತೆಗೆದುಕೊಂಡು ನೆಮ್ಮದಿಯಾಗಿದ್ದಳು.

ಅಂಥವಳನ್ನು ಸೋಲಿಸಿದ್ದು ಮುತ್ತಿಗೆ. ಬಂದೂಕಿನವರು ಊರೊಳಗೆ ನುಗ್ಗಿದರು, ಅವರನ್ನು ಹೊಡೆಯಲು ಸರ್ಕಾರದ ವಿಮಾನಗಳು ಬಂದವು, ಮಧ್ಯದಲ್ಲಿದ್ದ ಪೇಟೆ ಪುಡಿಯಾಯಿತು. ರಕ್ಮಾಳ ತಮ್ಮ ಅಮ್ರೋಲ್, ಅಕ್ಕನನ್ನೂ ತನ್ನ ತಾಯಿಯಿಲ್ಲದ ಮಗಳು ಜೊಹೈನಾಳನ್ನೂ ಲಾರಿ ಹತ್ತಿಸಿ, ಪಕ್ಕದ ಮನೆಯ ಮುದುಕನನ್ನು ಎತ್ತಿಕೊಂಡು ಬರುತ್ತೇನೆಂದು ಹಿಂದಿರುಗಿ ಹೋದವನು ಬರಲೇ ಇಲ್ಲ. ಹೆಣವೂ ಸಿಗಲಿಲ್ಲ, ಗೋರಿಯೂ ಆಗಲಿಲ್ಲ. ಈಗ ಅವರಿದ್ದದ್ದು ಊರ ಹೊರಗಿನ ಗುಡ್ಡದ ಮೇಲೆ, ಊರು ಕಳೆದುಕೊಂಡವರಿಗೆಂದು ಕಟ್ಟಿದ ತಗಡಿನ ಸಾಲುಮನೆಗಳಲ್ಲಿ. ಅಲ್ಲಿಂದ ಕೆಳಗೆ ನೋಡಿದರೆ ತೂತು ಬಿದ್ದ ಮಸೀದಿಯ ಗುಮ್ಮಟ ಕಾಣುತ್ತದೆ, ಅದರಾಚೆ ಸರೋವರ ಏನೂ ಆಗಿಲ್ಲವೆಂಬಂತೆ ಹೊಳೆಯುತ್ತದೆ. ರಕ್ಮಾಳಿಗೆ ಮನೆ ಹೋದದ್ದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಯಾರ ಮನೆ ಮುಂದೆ ಹೋಗಿ ನಿಂತು ಕೇಳುವುದು? ವಿಮಾನಕ್ಕೆ ಮನೆತನವಿದೆಯೇ? ನಮ್ಮಲ್ಲಿ ಒಬ್ಬನಿಗೆ ಆದ ಅವಮಾನ ಇಡೀ ಕುಲಕ್ಕೆ ಆದದ್ದು, ತೀರಿಸಿಕೊಳ್ಳುವ ತನಕ ಗಂಡಸರಿಗೆ ನಿದ್ದೆಯಿಲ್ಲ. ಅದನ್ನು ರಿದೋ ಅನ್ನುತ್ತಾರೆ, ಕುಲದ ಹಗೆ. ಆದರೆ ಹಗೆಗೆ ಒಂದು ಹೆಸರು ಬೇಕು. ಅದು ಸಿಗದೆ ರಕ್ಮಾ ಎರಡು ವರ್ಷ ಹಲ್ಲು ಕಡಿದುಕೊಂಡು ಖಾರ ಕುಟ್ಟಿದಳು.

ಜೊಹೈನಾ ಹೈಸ್ಕೂಲಿಗೆ ಹೋಗುತ್ತಿದ್ದಳು. ಬಂದ ಹೊಸದರಲ್ಲಿ ಓದುತ್ತಿದ್ದಳು, ನೀರಿನ ಲಾರಿ ಬಂದರೆ ಕೊಡ ಹಿಡಿದು ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಬರುಬರುತ್ತ ಮಂಕಾದಳು. ತಲೆ ಬಾಚುವುದನ್ನು ಬಿಟ್ಟಳು. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದಳು, ಬಾಯಿಗೆ ಹೋಗುತ್ತಿರಲಿಲ್ಲ. ಆಮೇಲೆ ತನ್ನ ವಸ್ತುಗಳನ್ನು ಹಂಚತೊಡಗಿದಳು. ಅಪ್ಪ ಕೊಡಿಸಿದ ಕಿವಿಯೋಲೆ ಪಕ್ಕದ ಮನೆಯ ಹುಡುಗಿಗೆ ಹೋಯಿತು, ಹಬ್ಬಕ್ಕೆಂದು ಇಟ್ಟಿದ್ದ ಸೊಂಟಕ್ಕೆ ಸುತ್ತುವ ರೇಷ್ಮೆಯ ಮಲೋಂಗ್ ಇನ್ನೊಬ್ಬಳಿಗೆ.

“ಅದನ್ಯಾಕೆ ಕೊಟ್ಟೆ ಮಗಾ, ನಿನ್ನ ಮದುವೇಲಿ ಏನು ಸುತ್ಕೋತೀಯ?” ಎಂದು ರಕ್ಮಾ ಕೇಳಿದಳು.

“ನಂಗ್ಯಾಕೆ ಬಾಬೋ, ಇನ್ನು” ಎಂದಳು ಹುಡುಗಿ. ಬಾಬೋ ಎಂದರೆ ಅತ್ತೆ. ಆ ‘ಇನ್ನು’ ಎಂಬ ಮಾತು ರಾತ್ರಿಯೆಲ್ಲ ರಕ್ಮಾಳನ್ನು ಮಲಗಗೊಡಲಿಲ್ಲ.

ಒಂದು ಸಂಜೆ ಜೊಹೈನಾ ಶಾಲೆಯಿಂದ ತುಂಬ ತಡವಾಗಿ ಬಂದಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಕೆಳಗಿನ ಸಾಲಿನ ಸೊರೈದಾಳ ಮಗಳು ಅಸ್ನಿಯಾ ಬರುತ್ತಿದ್ದಳು, ಇವಳದೇ ತರಗತಿಯವಳು. ಜೊಹೈನಾ ಒಳಗೆ ಹೋಗುವ ತನಕ ಆ ಹುಡುಗಿ ಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದಳು. ಇವಳಿಗೇನು ಇಲ್ಲಿ ಕೆಲಸ ಎಂದು ರಕ್ಮಾ ಮನಸ್ಸಿನಲ್ಲೇ ಬರೆದಿಟ್ಟುಕೊಂಡಳು.

ಮರುದಿನ ಶಾಲೆಯ ಟೀಚರಮ್ಮ ಮನೆಗೇ ಬಂದರು. “ಬಾಬೋ, ಮಗು ಸಾಯೋ ಮಾತಾಡ್ತಾ ಇದೆ. ಒಬ್ಬಳನ್ನೇ ಬಿಡ್ಬೇಡಿ. ಇಲಿಗನ್‌ನಲ್ಲಿ ಒಬ್ರು ಡಾಕ್ಟರ್ ಇದಾರೆ, ನಾನೇ ಜೊತೇಲಿ ಬರ್ತೀನಿ. ಇದು ಕಾಯಿಲೆ, ಜ್ವರ ಬರೋ ಹಾಗೇ ಬರುತ್ತೆ.”

“ಜ್ವರ ಬರ್ಬೇಕಾದ್ರೂ ಮಳೇಲಿ ನಿಲ್ಲಿಸಿದವರು ಯಾರೋ ಇರ್ತಾರಲ್ಲ ಟೀಚರಮ್ಮ. ಯಾರು ಅಂತ ಹೇಳಿ. ಉಳಿದದ್ದು ನಾನು ನೋಡ್ಕೋತೀನಿ.”

“ಯಾರೋ ಒಬ್ರು ಮಾಡಿದ್ದಲ್ಲ ಇದು.”

“ಹಂಗಂತ ನಿಮ್ಮ ಪುಸ್ತಕದಲ್ಲಿದೆ” ಎಂದು ರಕ್ಮಾ ಅವರನ್ನು ಬಾಗಿಲ ತನಕ ಕಳಿಸಿ ಬಂದಳು.

ತಪ್ಪಾಯಿತು, ದೊಡ್ಡ ತಪ್ಪು. ಆದರೆ ನಮ್ಮ ಗುಡ್ಡದ ಮೇಲೆ ಯಾರೇ ಆಗಿದ್ದರೂ ಅದೇ ತಪ್ಪು ಮಾಡುತ್ತಿದ್ದರು. ಸಾಯಬೇಕೆಂಬ ಬಯಕೆ ನಮ್ಮಲ್ಲಿ ಪಾಪ, ಬಾಯಲ್ಲಿ ಆಡುವ ಮಾತಲ್ಲ. ಹುಚ್ಚು ಎಂದರೆ ಮೂರು ತಲೆಮಾರಿಗೆ ಹೆಣ್ಣು ಕೇಳುವವರಿಲ್ಲ. ಅವಮಾನವಾದರೆ ಹಾಗಲ್ಲ. ಅವಮಾನಕ್ಕೆ ದಾರಿ ಗೊತ್ತು, ಹಿರಿಯರಿದ್ದಾರೆ, ಕತ್ತಿಯಿದೆ, ಕೊನೆಗೆ ಒಂದು ರಾಜಿಯ ಊಟವಿದೆ. ಅದೂ ಅಲ್ಲದೆ ಎರಡು ವರ್ಷದಿಂದ ಹೆಸರು ಹುಡುಕುತ್ತಿದ್ದವಳಿಗೆ ಈಗ ಒಂದು ಹೆಸರು ಸಿಕ್ಕೇ ಸಿಗುತ್ತದೆ ಎನಿಸಿತ್ತು. ಇದನ್ನು ಮುಚ್ಚಿಡುವುದೇಕೆ, ಅವಳಿಗೆ ಒಳಗೊಳಗೇ ಸ್ವಲ್ಪ ಜೀವ ಬಂದಿತ್ತು.

“ಹೆಸರು ಹೇಳು ಮಗಾ.” ಬೆಳಿಗ್ಗೆ ಅನ್ನದ ಮುಂದೆ ಇದೇ, ಬಟ್ಟೆ ಒಗೆಯುವಾಗ ಇದೇ, ನಮಾಜು ಮುಗಿಸಿ ಚಾಪೆ ಸುತ್ತುವಾಗಲೂ ಇದೇ. “ನಿನ್ನ ಈ ಗತಿಗೆ ತಂದವರು ಯಾರು? ಹೆಸರು ಹೇಳು.”

ಹುಡುಗಿ ಗೋಡೆ ನೋಡುತ್ತಿದ್ದಳು. ಹೀಗೇ ಎಷ್ಟೋ ದಿನ ನಡೆಯಿತು. ಕೊನೆಗೊಂದು ದಿನ, ಸಾಕಾಗಿ, “ಅಸ್ನಿಯಾ” ಎಂದುಬಿಟ್ಟಳು.

“ನಂಗೊತ್ತಿತ್ತು. ಅವತ್ತು ನಿನ್ನ ಬೆನ್ನು ಹತ್ತಿ ಬಂದಿದ್ಲು, ಅಣಕಿಸೋಕೆ. ಏನಂದ್ಲು?” ಹುಡುಗಿ ಮತ್ತೆ ಗೋಡೆಯ ಕಡೆ ತಿರುಗಿದಳು. “ಅಪ್ಪ ಇಲ್ದೋಳು ಅಂದ್ಲಾ?” ರಕ್ಮಾಳ ದನಿ ತಗ್ಗಿತು. “ನಿಮ್ಮಪ್ಪ ಬಂದೂಕಿನೋರ ಜೊತೆ ಸೇರ್ಕೊಂಡ ಅಂದ್ಲಾ?”

ಜೊಹೈನಾ ಕಣ್ಣು ಮುಚ್ಚಿ ತಲೆಯಾಡಿಸಿದಳು. ಹೌದೆಂದೋ, ಬಿಟ್ಟುಬಿಡು ಎಂದೋ, ರಕ್ಮಾ ವಿಚಾರಿಸಲಿಲ್ಲ. ಎದ್ದು ನಿಂತು ತಲೆವಸ್ತ್ರ ಬಿಗಿದು ಕಟ್ಟಿಕೊಂಡಳು.

ಅವಳ ಇನ್ನೊಬ್ಬ ತಮ್ಮ ಬಸಾರ್ ಸರೋವರದ ಆಚೆ ದಡದಲ್ಲಿದ್ದ. ಸುದ್ದಿ ಮುಟ್ಟಿದ ದಿನವೇ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. “ಅಕ್ಕ, ನೀನು ಹೂಂ ಅನ್ನು, ಸಾಕು” ಎಂದ. ಅವಳು ಹೂಂ ಎನ್ನುವ ಮೊದಲೇ ಮಾತು ಕೆಳಗಿನ ಸಾಲಿಗೆ ಹರಿಯಿತು. ಸೊರೈದಾಳ ಮನೆಯ ಗಂಡಸರು ಹೊರಗೆ ಬರುವುದನ್ನು ನಿಲ್ಲಿಸಿದರು. ಅಸ್ನಿಯಾಳ ಅಣ್ಣ ಬಾಡಿಗೆಗೆ ಓಡಿಸುತ್ತಿದ್ದ ಟ್ರೈಸಿಕಲ್ ಮನೆ ಮುಂದೆ ತಾರ್ಪಾಲು ಹೊದ್ದು ನಿಂತಿತು. ಹಗೆಯಲ್ಲಿ ನಮ್ಮವರು ಹೆಂಗಸರ ಮೇಲೆ ಕೈ ಮಾಡುವುದಿಲ್ಲ. ಹಾಗಾಗಿ ಆ ಮನೆಗೆ ನೀರು ತರುವುದೂ ಅಕ್ಕಿ ತರುವುದೂ ಸೊರೈದಾ ಮತ್ತು ಮಗಳ ಪಾಲಿಗೆ ಬಿತ್ತು. ರಕ್ಮಾ ಮೇಲಿನ ಸಾಲಿನಲ್ಲಿ ನಿಂತು ಅವರು ಕೊಡ ಹೊರುವುದನ್ನು ಹೊಟ್ಟೆ ತಣ್ಣಗಾಗುವಂತೆ ನೋಡಿದಳು. ಜೊಹೈನಾಳೂ ನೋಡಿದಳು. ಅವತ್ತಿನಿಂದ ಅವಳು ಅನ್ನ ಕಲಸುವುದನ್ನೂ ಬಿಟ್ಟಳು.

ರಕ್ತ ಬೀಳುವ ಮೊದಲು ಕುಲದ ಯಜಮಾನ, ಹಿರಿಯ ದಾತು, ಎರಡೂ ಮನೆಯವರನ್ನು ಕೂರಿಸಿದ. ಮಸೀದಿಯೆಂದು ಬಳಸುತ್ತಿದ್ದ ಡೇರೆಯಲ್ಲಿ ಗಂಡಸರು ಒಂದೊಂದು ಕಡೆ, ಹೆಂಗಸರು ಹಿಂದೆ. ರಕ್ಮಾ ಜೊಹೈನಾಳನ್ನು ತನ್ನ ಪಕ್ಕಕ್ಕೆ ಅಂಟಿಸಿಕೊಂಡು ಕೂತಿದ್ದಳು.

“ಈ ಮಗುವಿನ ತಂದೆ ಬಂದೂಕಿನವರ ಕಡೆ ಅಂತ ನೀನು ಅಂದ್ಯಂತೆ. ಹೌದೇನಮ್ಮ?” ಎಂದು ದಾತು ಅಸ್ನಿಯಾಳನ್ನು ಕೇಳಿದ.

ಅಸ್ನಿಯಾಳ ಬಾಯಿ ಅರ್ಧ ತೆರೆಯಿತು. ಅವಳು ಜೊಹೈನಾಳ ಕಡೆ ನೋಡಿದಳು. ಜೊಹೈನಾಳ ಮುಖ ಸುಣ್ಣದಂತೆ ಬಿಳುಚಿತ್ತು, ತುಟಿಯಲ್ಲಿ ಹನಿ ರಕ್ತವಿರಲಿಲ್ಲ. ಅಸ್ನಿಯಾ ದಾತುವಿನ ಕಡೆ ತಿರುಗಿದಳು.

“ಹೌದು ದಾತು. ಅಂದೆ.”

ಸೊರೈದಾ ಎದ್ದು ಬಂದು ಎಲ್ಲರ ಮುಂದೆ ಮಗಳ ಕಪಾಳಕ್ಕೆ ಬಾರಿಸಿದಳು. ಅವಳ ಗಂಡ ತಲೆ ಎತ್ತಲಿಲ್ಲ. ದಾತು ಪರಿಹಾರದ ಮಾತೆತ್ತಿದ. ರಕ್ಮಾ ಹಿಂದಿನಿಂದಲೇ ಹೇಳಿದಳು.

“ನಂಗೆ ಅವರ ದುಡ್ಡು ಬೇಡ. ಹುಡುಗೀನ ಕೊಡಿ. ದಿನಾ ನನ್ನ ಮಗೂನ ಶಾಲೆಗೆ ಕರ್ಕೊಂಡು ಹೋಗ್ಲಿ, ಕರ್ಕೊಂಡು ಬರ್ಲಿ. ಬಂದು ನನ್ನ ಒರಳಲ್ಲಿ ಕುಟ್ಲಿ. ನಾನು ಸಾಕು ಅನ್ನೋ ತನಕ. ಈ ಮಗೂಗೆ ಏನಾದ್ರೂ ಆದ್ರೆ ಆ ಜೀವ ಅವರ ಮನೆ ಲೆಕ್ಕಕ್ಕೆ.”

ಹಗೆ ತೀರಿಸಲು ಹೆಣ್ಣು ಕೊಟ್ಟು ಮದುವೆ ಮಾಡುವುದು ಹಳೆಯ ಪದ್ಧತಿ. ಒನಕೆಗೆ ಕೊಡುವುದನ್ನು ಯಾರೂ ಕೇಳಿರಲಿಲ್ಲ. ಆದರೂ ಗುಂಡು ಹಾರುವುದಕ್ಕಿಂತ ವಾಸಿಯೆಂದು ಎಲ್ಲರೂ ಒಪ್ಪಿದರು.

ಅಸ್ನಿಯಾ ಮರುದಿನವೇ ಬಂದಳು. ರಕ್ಮಾ ಒರಳನ್ನು ಬೇಕೆಂದೇ ಅಂಗಳದ ನಡುವೆ, ನೀರಿಗೆ ಹೋಗಿಬರುವವರೆಲ್ಲ ನೋಡುವಲ್ಲಿ ಇಟ್ಟಿದ್ದಳು. ತಾನು ಸ್ಟೂಲಿನ ಮೇಲೆ ಕೂತಳು.

“ಸೊಂಟ ಬಗ್ಗಿಸು. ನಿಮ್ಮನೇಲಿ ನಾಲಿಗೆ ಆಡಿಸೋದು ಮಾತ್ರ ಕಲಿಸಿದಾರಾ?”

“ಒನಕೆ ಭಾರ ಇದೆ ಬಾಬೋ.”

“ಭಾರ ಇರುತ್ತೆ. ಹೂವಿನದು ಮಾಡಿಸ್ಕೊಡ್ಲಾ?”

“ನಿಮ್ಮ ಬಾಯಿಯಷ್ಟು ಭಾರ ಇಲ್ಲ ಬಿಡಿ” ಎಂದಳು ಅಸ್ನಿಯಾ ಕುಟ್ಟುತ್ತಲೇ. ಕೊಡ ಹಿಡಿದು ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ರಕ್ಮಾ ಅವತ್ತು ಮೆಣಸಿನಕಾಯಿ ಎರಡರಷ್ಟು ಹಾಕಿಸಿದಳು.

ಇಂಥ ಸುಖ ಅವಳು ಮುತ್ತಿಗೆಯ ನಂತರ ಕಂಡಿರಲಿಲ್ಲ. ಹುಡುಗಿಯ ಅಂಗೈಯಲ್ಲಿ ಬೊಬ್ಬೆ ಎದ್ದದ್ದು, ಖಾರದ ಕೈಗೆ ನೀರು ತಾಗಿದಾಗ ಅವಳು ಹಲ್ಲು ಕಚ್ಚುವುದು, ಕೆಳಗಿನ ಸಾಲಿನಲ್ಲಿ ಸೊರೈದಾ ಮುಖ ತಿರುಗಿಸಿಕೊಂಡು ಹೋಗುವುದು, ಎಲ್ಲವನ್ನೂ ಚಪ್ಪರಿಸಿದಳು. ಮನೆ ಸುಟ್ಟವರು, ತಮ್ಮನನ್ನು ನುಂಗಿದವರು, ಗಂಡನ ಎರಡನೆಯವಳು, ಎಲ್ಲರಿಗೂ ಆಗಬೇಕಾದ್ದನ್ನು ಆ ಒಂದು ಹುಡುಗಿಯ ತಲೆಯ ಮೇಲೆ ಅರೆದಳು. ಟೀಚರಮ್ಮ ಮತ್ತೆ ಬಂದು ಡಾಕ್ಟರ ಮಾತೆತ್ತಿದರೆ, “ಔಷಧಿ ಒರಳಲ್ಲಿ ನಡೀತಾ ಇದೆ, ಕಾಣ್ಸಲ್ವಾ?” ಎಂದಳು. ಜೊಹೈನಾ ಬಾಗಿಲ ಹೊಸ್ತಿಲಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು ಆ ಕುಟ್ಟುವ ಕೈಗಳನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅಸ್ನಿಯಾ ಮರೆತು ಖಾರದ ಕೈಯಲ್ಲಿ ಕಣ್ಣುಜ್ಜಿಕೊಂಡಳು. ಒನಕೆ ಕೈಬಿಟ್ಟು ಕುಕ್ಕರಿಸಿ ಕೂತಳು. ಕಣ್ಣು, ಮೂಗು, ಎಲ್ಲ ಸುರಿಯುತ್ತಿತ್ತು.

“ಅಳು, ಚೆನ್ನಾಗಿ ಅಳು” ಎಂದಳು ರಕ್ಮಾ. ಸ್ಟೂಲಿನಿಂದ ಏಳಲಿಲ್ಲ. “ಸತ್ತೋಗ್ಬೇಕು ಅನ್ಸುತ್ತಾ? ಅನ್ಸ್ಲಿ. ನನ್ನ ಮಗೂಗೂ ಹಿಂಗೇ ಅನ್ಸಿದ್ದು.”

ಹೊಸ್ತಿಲಿಂದ ಜೊಹೈನಾ ಎದ್ದು ಬಂದದ್ದು ಯಾರಿಗೂ ಕಾಣಲಿಲ್ಲ. ಬಂದವಳೇ ಒರಳನ್ನು ಕಾಲಿಂದ ಒದ್ದಳು. ಅದು ಉರುಳಿ ಒಂದು ದಿನದ ಪಲಾಪವೆಲ್ಲ ಕೆಸರು ಪಾಲಾಯಿತು. ಕೊಡದಲ್ಲಿದ್ದ ನೀರನ್ನು ಬೊಗಸೆ ಬೊಗಸೆಯಾಗಿ ತೆಗೆದು ಅಸ್ನಿಯಾಳ ಕಣ್ಣಿಗೆ ಹಾಕಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. ತಿಂಗಳುಗಟ್ಟಲೆ ಪಿಸುಗುಟ್ಟಿದ ಗಂಟಲು, ಮಾತು ಒಡೆದೊಡೆದು ಬಂತು.

“ಅವಳು ಏನೂ ಅಂದಿಲ್ಲ. ಕೇಳಿಸ್ತಾ? ಏನೂ ಅಂದಿಲ್ಲ. ಅವತ್ತು ನಾನು ಹೊಳೆ ಸೇತುವೆ ಹತ್ರ ಹೋಗಿದ್ದೆ. ಯಾಕೆ ಅಂತ ನಿಂಗೊತ್ತು. ಇವಳು ಬಂದು ನನ್ನ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತ್ಲು. ಬಿಡು ಅಂದ್ರೆ ಬಿಡ್ಲಿಲ್ಲ. ಬೈದೆ, ಪರಚಿದೆ, ಬಿಡ್ಲಿಲ್ಲ. ಸಂಜೆ ಮನೆ ತನಕ ಬಿಟ್ಟು, ನಾನು ಒಳಗೆ ಬರೋದ್ನ ನೋಡ್ಕೊಂಡು ಹೋದ್ಲು.”

“ಮತ್ತೆ ನೀನು ಅವಳ ಹೆಸರು…”

“ನೀನು ಹೆಸರು ಹೇಳು, ಹೆಸರು ಹೇಳು ಅಂತ ಪ್ರಾಣ ತಿಂದೆ ಬಾಬೋ. ನನ್ನ ಬಾಯಲ್ಲಿ ಇದ್ದಿದ್ದು ಅದೊಂದೇ ಹೆಸರು. ಅಪ್ಪನ ಮಾತು ಇವಳು ಆಡಿಲ್ಲ. ಆಡಿದ್ದು ನೀನು. ನಿನ್ನ ಬಾಯಿಂದಾನೇ ನಾನು ಅದನ್ನ ಮೊದಲು ಕೇಳಿದ್ದು.”

ಆ ಅನುಮಾನ ಎರಡು ವರ್ಷದಿಂದ ರಕ್ಮಾಳ ಎದೆಯಲ್ಲೇ ಇತ್ತು, ತಮ್ಮನ ಹೆಣ ಸಿಗದ ದಿನದಿಂದ.

“ಹಂಗಾದ್ರೆ ಯಾರು ಮಗಾ?” ಎಂದಳು ಕೊನೆಗೆ, ಚಿಕ್ಕ ದನಿಯಲ್ಲಿ.

“ಯಾರೂ ಇಲ್ಲ. ಬೆಳಿಗ್ಗೆ ಎಚ್ಚರ ಆಗುತ್ತೆ, ಯಾಕಾದ್ರೂ ಆಯ್ತೋ ಅನ್ಸುತ್ತೆ. ಅಷ್ಟೇ. ಯಾರೂ ಇಲ್ಲ.”

ರಕ್ಮಾ ಅಸ್ನಿಯಾಳನ್ನು ನೋಡಿದಳು. ಕಣ್ಣು ಕೆಂಡದಂತಾಗಿ ಊದಿಕೊಂಡಿತ್ತು. “ನೀನ್ಯಾಕೆ ಹೌದು ಅಂದೆ, ಕತ್ತೆ?”

“ಇಲ್ಲ ಅಂದಿದ್ರೆ ಅಷ್ಟು ಜನರ ಮುಂದೆ ಇವಳು ಸುಳ್ಳಿ ಆಗ್ತಿದ್ಲು. ಅವತ್ತೇ ಸೇತುವೆಗೆ ಹೋಗ್ತಿದ್ಲು ಬಾಬೋ. ಇಲ್ಲಾದ್ರೆ ದಿನಾ ಕಣ್ಣಿಗೆ ಬೀಳ್ತಾಳಲ್ಲ, ಕುಟ್ಟೋದು ತಾನೆ, ಕುಟ್ಟಿದ್ರಾಯ್ತು ಅಂದ್ಕೊಂಡೆ.”

ಜನ್ಮದಲ್ಲಿ ಯಾರಿಗೂ ತಲೆ ಬಗ್ಗಿಸದ ರಕ್ಮಾ ಅವತ್ತು ಒನಕೆಯನ್ನು ಹೆಗಲ ಮೇಲಿಟ್ಟುಕೊಂಡು ಕೆಳಗಿನ ಸಾಲಿಗೆ ಇಳಿದುಹೋದಳು. ಇಡೀ ಗುಡ್ಡ ನೋಡುತ್ತಿತ್ತು. ಸೊರೈದಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

“ನಿನ್ನ ಮಗಳು ಆ ಮಾತು ಆಡಿಲ್ಲ” ಎಂದಳು ರಕ್ಮಾ, ಎಲ್ಲರಿಗೂ ಕೇಳುವ ಹಾಗೆ. “ನನ್ನ ಮಗೂನೂ ಸುಳ್ಳು ಹೇಳಿಲ್ಲ. ಆ ಮಾತನ್ನ ಅವಳ ಬಾಯಿಗೆ ತುರುಕಿದ್ದು ನಾನು. ನಿನ್ನ ಮಗಳು ನನ್ನ ಮಗೂನ ಉಳಿಸಿದಾಳೆ. ಈಗ ಹಗೆ ನನ್ನ ಮೇಲೆ. ಏನು ಬೇಕೋ ಮಾಡ್ಕೋ.”

ಸೊರೈದಾ ಮೊರ ಕೆಳಗಿಟ್ಟಳು. ಬಲಗೈಯನ್ನು ರಕ್ಮಾಳ ಮುಖದ ಮುಂದೆ ಹಿಡಿದಳು. “ಈ ಕೈಯಿಂದ ನನ್ನ ಮಗಳಿಗೆ ಹೊಡೆಸಿದ್ಯಲ್ಲೇ. ಅಷ್ಟು ಜನರ ಮುಂದೆ.”

“ಹೂಂ.”

“ಅವಳ ಅಂಗೈ ನೋಡಿದೀಯಾ?”

“ನೋಡಿದೀನಿ. ನೋಡಿ ಖುಷಿಪಟ್ಟಿದೀನಿ.”

“ನಾಳೆಯಿಂದ ಬಾ. ನನ್ನ ಒರಳು, ನನ್ನ ಮೆಣಸಿನಕಾಯಿ. ನಾನು ಸ್ಟೂಲ್ ಹಾಕ್ಕೊಂಡು ಕೂರ್ತೀನಿ. ನಾನು ಸಾಕು ಅನ್ನೋ ತನಕ ಕುಟ್ಬೇಕು.”

ರಕ್ಮಾ ತಲೆಯಾಡಿಸಿದಳು. ಅವಳ ಜಾಗದಲ್ಲಿ ತಾನಿದ್ದರೂ ಅದನ್ನೇ ಕೇಳುತ್ತಿದ್ದಳು.

ಅದೇ ವಾರ ಟೀಚರಮ್ಮನ ಜೊತೆ ಜೊಹೈನಾ ಇಲಿಗನ್‌ಗೆ ಹೋದಳು, ಅಸ್ನಿಯಾಳೂ ಹೋದಳು. ಡಾಕ್ಟರು ಮಾತ್ರೆ ಕೊಟ್ಟರು, ತಿಂಗಳಿಗೊಮ್ಮೆ ಬಂದು ಮಾತಾಡು ಎಂದರು. ಮಾತ್ರೆ ತಿಂದ ಮರುದಿನ ಎಲ್ಲ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ದಿನ ಅವಳು ತಲೆ ಬಾಚಿಕೊಳ್ಳುತ್ತಿದ್ದಳು, ಕೆಲವು ದಿನ ಇಲ್ಲ. ರಕ್ಮಾ ಹೆಸರು ಕೇಳುವುದನ್ನು ಬಿಟ್ಟಿದ್ದಳು. ಬೆಳಿಗ್ಗೆ ಎದ್ದು, “ಹೆಂಗಿದೆ ಇವತ್ತು?” ಎಂದಷ್ಟೇ ಕೇಳುತ್ತಿದ್ದಳು. ಆಮೇಲೆ ಕೆಳಗಿಳಿದು ಹೋಗಿ ಸೊರೈದಾಳ ಅಂಗಳದಲ್ಲಿ, ಅವಳ ಬೈಗುಳ ಕೇಳುತ್ತ ಕುಟ್ಟುತ್ತಿದ್ದಳು. ಸೊರೈದಾ ಬೈಗುಳದಲ್ಲಿ ಇವಳಿಗೇನೂ ಕಡಿಮೆಯಿರಲಿಲ್ಲ.

ಒಂದು ಬೆಳಿಗ್ಗೆ ಜೊಹೈನಾ ಚಾಪೆಯಿಂದ ಏಳಲಿಲ್ಲ. “ಇವತ್ತು ಚೆನ್ನಾಗಿಲ್ಲ ಬಾಬೋ” ಎಂದಳು. ಬಾಯಿ ಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ರಕ್ಮಾ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಳು. ಹೊಡೆಯಲು ಯಾರೂ ಇಲ್ಲ, ಬೈಯಲು ಯಾರೂ ಇಲ್ಲ, ಕೈ ಹಿಡಿದುಕೊಂಡು ಸುಮ್ಮನೆ ಕೂರಬೇಕು. ಒನಕೆಗಿಂತ ಅದು ಕಷ್ಟವಾಯಿತು. ಬರಲಾಗುವುದಿಲ್ಲವೆಂದು ನೀರಿಗೆ ಹೋಗುವವರ ಕೈಲಿ ಸೊರೈದಾಳಿಗೆ ಹೇಳಿಕಳಿಸಿದಳು.

ಸ್ವಲ್ಪ ಹೊತ್ತಿಗೆ ಹೊರಗೆ ಧಡಾರೆಂದು ಸದ್ದಾಯಿತು. ಸೊರೈದಾ ತನ್ನ ಒರಳನ್ನು ಅಸ್ನಿಯಾಳ ಜೊತೆ ಹೊತ್ತು ತಂದು ರಕ್ಮಾಳ ಹೊಸ್ತಿಲಲ್ಲೇ ಇಳಿಸಿದ್ದಳು. ಸ್ಟೂಲನ್ನೂ ತಂದಿದ್ದಳು.

“ತಪ್ಪಿಸ್ಕೋತೀಯಾ? ಒಂದು ದಿನಾನೂ ಬಿಡಲ್ಲ ನಾನು. ಕೂತಲ್ಲೇ ಕುಟ್ಟು.”

ರಕ್ಮಾ ಒಂದು ಕೈಯನ್ನು ಜೊಹೈನಾಳಿಗೆ ಬಿಟ್ಟು ಇನ್ನೊಂದು ಕೈಯಲ್ಲಿ ಒನಕೆ ಹಿಡಿದಳು. ಒಂದು ಕೈಯಲ್ಲಿ ಕುಟ್ಟಿದರೆ ಖಾರ ಮುಖಕ್ಕೇ ಹಾರುತ್ತದೆ. ಅವಳ ಕಣ್ಣಿಂದ ನೀರಿಳಿಯತೊಡಗಿತು. ಅಸ್ನಿಯಾ ಹೊಸ್ತಿಲು ದಾಟಿ ಚಾಪೆಯ ತುದಿಯಲ್ಲಿ ಕೂತಳು. ಸೊರೈದಾ ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಬೈಯುತ್ತಲೇ ಇದ್ದಳು. ಮಧ್ಯಾಹ್ನವಾಯಿತು, ಯಾರೂ ಏಳಲಿಲ್ಲ.

“ಬಾಬೋ ಸೊರೈದಾ,” ಎಂದಳು ಜೊಹೈನಾ ಮಲಗಿದಲ್ಲಿಂದಲೇ, “ಸಾಕು ಅಂತ ಯಾವಾಗ ಅಂತೀರಾ?”

ಸೊರೈದಾ ಅವಳ ಕಡೆ ದುರುಗುಟ್ಟಿ ನೋಡಿದಳು. “ನಿನ್ನ ಮದುವೆ ಆಗ್ಬೇಕು. ನಿಂಗೊಂದು ಮಗು ಆಗ್ಬೇಕು. ಆ ಮಗು ದೊಡ್ಡದಾಗಿ ಪಲಾಪ ತಿನ್ನೋ ಹಂಗಾಗ್ಬೇಕು. ಆಮೇಲೆ ನೋಡೋಣ. ಅಲ್ಲಿ ತನಕ ಈ ನಿಮ್ಮತ್ತೇನ ಬಿಡೋಳಲ್ಲ ನಾನು.”

“ಅಷ್ಟು ದಿನಾನಾ?”

“ಅಷ್ಟು ದಿನ. ಮುಂಚೆ ಎಲ್ಲಾದ್ರೂ ಹೊರಟ್ಯೋ, ನನ್ನ ಬಾಕಿ ಹಂಗೇ ಉಳ್ಯುತ್ತೆ.”

ಸ್ವಲ್ಪ ಹೊತ್ತಿನ ಮೇಲೆ ಜೊಹೈನಾ ಎದ್ದು ಕೂತು, ಈರುಳ್ಳಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬಿಡಿಸತೊಡಗಿದಳು.